ಯಾವ ಬಲ್ಬ್ ಎಷ್ಟು ಕರೆಂಟ್ ಎಳೆಯುತ್ತದೆ? ನಮ್ಮ ಮನೆಯ ಒಂದು ಲೆಕ್ಕ

ನಮ್ಮ ಮನೆಯಲ್ಲಿ 66 ಎಂಬ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಗೃಹ ಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದು ನನ್ನ ತರಗತಿಯಲ್ಲೇ ಅನೇಕರು ತಿಳಿದುಕೊಂಡಿದ್ದಾರೆ. ಅದು ಹಾಗಲ್ಲ. 2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದರೆ ಆ ಮನೆಯ ಪಾಲು ಬರುತ್ತದೆ. ತೀರಾ ಕಡಿಮೆ ಬಳಸುವವರಿಗೆ ಬೇರೆ ಲೆಕ್ಕವಿದೆ. ನಮ್ಮ ಸರಾಸರಿ 60 ಇತ್ತು, ಆದ್ದರಿಂದ ನಮ್ಮ ಪಾಲು 66. ಅದಕ್ಕಿಂತ ಹೆಚ್ಚು ಬಳಸಿದರೆ ಹೆಚ್ಚಾದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಬಹಳ ತಿಂಗಳು ನಮಗೆ ಸೊನ್ನೆ ಬಿಲ್ ಬಂದಿತ್ತು. ಕಳೆದ ವರ್ಷ ರಂಜಾನ್ ತಿಂಗಳ ಬಿಲ್ಲಿನಲ್ಲಿ ಮಾತ್ರ 83 ಯೂನಿಟ್ ಎಂದು ಅಚ್ಚಾಗಿತ್ತು. ಹೆಚ್ಚಾದದ್ದು 17 ಯೂನಿಟ್. ತೆರಿಗೆ ಎಲ್ಲ ಸೇರಿ ನೂರು ರೂಪಾಯಿ ದಾಟಿತ್ತು. ನೂರು ರೂಪಾಯಿ ದೊಡ್ಡ ಮೊತ್ತವಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಅಮ್ಮಿ ಒಂದು ಸಾದಾ ಬ್ಲೌಸ್ ಹೊಲಿದರೆ ಹೆಚ್ಚೂ ಕಡಿಮೆ ಅಷ್ಟೇ ಬರುತ್ತದೆ. ಅಬ್ಬಾ ಬಿಲ್ಲನ್ನು ನನ್ನ ಕೈಗೆ ಕೊಟ್ಟು, "ಕಾಮರ್ಸ್ ಓದ್ತೀಯಲ್ಲ, ಈ 17 ಎಲ್ಲಿಂದ ಬಂತು ಕಂಡುಹಿಡಿ" ಎಂದರು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ನಾನು ಮೊದಲು ಅನುಮಾನಿಸಿದ್ದು ಫ್ರಿಜ್ಜನ್ನು. ಆದರೆ ಫ್ರಿಜ್ 2022ರಲ್ಲೂ ಇತ್ತು, ಸರಾಸರಿಯಲ್ಲಿ ಅದರ ಪಾಲು ಆಗಲೇ ಸೇರಿದೆ. ಆಮೇಲೆ ಹೊಸದಾಗಿ ಬಂದದ್ದು ಏನು ಎಂದು ನೋಡಬೇಕಿತ್ತು. ಬಂದದ್ದು ಒಂದೇ: ಅಮ್ಮಿಯ ರಾತ್ರಿ ಕೆಲಸ. ಮೊದಲು ಅಮ್ಮಿ ನಮ್ಮ ಬಟ್ಟೆಗಳನ್ನಷ್ಟೇ ಹೊಲಿಯುತ್ತಿದ್ದರು. ಎರಡು ವರ್ಷದಿಂದ ಹೊರಗಿನವರ ಬಟ್ಟೆ ಹಿಡಿದಿದ್ದಾರೆ. ಈದ್‌ಗೆ ಮುಂಚೆ ಕೆಲಸ ತುಂಬಾ ಇರುತ್ತದೆ. ರಾತ್ರಿ ಒಂಬತ್ತಕ್ಕೆ ಕುಳಿತರೆ ಏಳುವುದು ಎರಡು ಗಂಟೆಗೆ. ಯಂತ್ರ ಕಾಲಿನಿಂದ ತುಳಿಯುವಂಥದ್ದು, ಅದಕ್ಕೆ ಕರೆಂಟ್ ಬೇಡ. ಆದರೆ ಅದರ ಮೇಲೆ ಒಂದು ವೈರ್ ಇಳಿಬಿಟ್ಟು 100 ವ್ಯಾಟ್‌ನ ಹಳೇ ಗಾಜಿನ ಬಲ್ಬ್ ಹಾಕಿದ್ದರು.

ಇಲ್ಲಿ ಯೂನಿಟ್ ಎಂದರೇನು ಎಂದು ಹೇಳಿಬಿಡುತ್ತೇನೆ. 1000 ವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಮುಗಿಯಿತು. 100 ವ್ಯಾಟ್, ದಿನಕ್ಕೆ 5 ಗಂಟೆ, 30 ದಿನ: 15,000. ಅಂದರೆ 15 ಯೂನಿಟ್. ನಾನು ಹುಡುಕುತ್ತಿದ್ದ 17ರಲ್ಲಿ 15 ಒಂದೇ ಬಲ್ಬಿನಲ್ಲಿ ಸಿಕ್ಕಿತು. ಲೆಕ್ಕವನ್ನು ಎರಡು ಸಲ ಮಾಡಿದೆ.

ಆ ಬಲ್ಬ್ ಯಾಕೆ ಅಷ್ಟು ಎಳೆಯುತ್ತದೆ? ಗಾಜಿನೊಳಗೆ ಕೂದಲಿನಂಥ ಒಂದು ಟಂಗ್‌ಸ್ಟನ್ ತಂತಿ ಇರುತ್ತದೆ. ಕರೆಂಟ್ ಹರಿದಾಗ ಅದು ಸುಮಾರು 2500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಕಾದದ್ದರಿಂದ ಹೊಳೆಯುತ್ತದೆ. ಕೆಂಡ ಹೊಳೆಯುವುದೂ ಹೀಗೆಯೇ. ಕೊಟ್ಟ ಕರೆಂಟಿನಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಶಾಖವಾಗಿ ಹೋಗುತ್ತದೆ, ನಮಗೆ ಕಾಣುವ ಬೆಳಕಾಗುವುದು ಉಳಿದದ್ದು ಮಾತ್ರ. ಬೇಸಿಗೆಯಲ್ಲಿ ಅಮ್ಮಿ ಆ ಬಲ್ಬಿನ ಕೆಳಗೆ ಬೆವರುತ್ತಾ, ಇನ್ನೊಂದು ಕಡೆ ಫ್ಯಾನ್ ಹಾಕಿಕೊಂಡು ಕೂರುತ್ತಿದ್ದರು. ಬಿಸಿ ಮಾಡಲು ಒಂದು ಖರ್ಚು, ಆ ಬಿಸಿಯನ್ನು ಓಡಿಸಲು ಇನ್ನೊಂದು! ನಮ್ಮ ಮನೆಯ ಉರ್ದುವಿನಲ್ಲಿ ಬಲ್ಬಿಗೂ "ಬತ್ತಿ" ಎಂದೇ ಹೇಳುತ್ತೇವೆ. ಕನ್ನಡದಲ್ಲಿ ಬತ್ತಿ ಎಂದರೆ ದೀಪದೊಳಗೆ ಉರಿಯುವ ಹತ್ತಿಯ ಎಳೆ. ಈ ಹಳೇ ಬಲ್ಬಿಗೆ ಮಾತ್ರ ಎರಡೂ ಅರ್ಥ ಸರಿಹೊಂದುತ್ತದೆ, ಅದರೊಳಗೆ ನಿಜವಾಗಿಯೂ ಒಂದು ಬತ್ತಿ ಇದೆ.

ಟ್ಯೂಬ್‌ಲೈಟ್ ಬೆಳಗುವ ರೀತಿ ಬೇರೆ. ಅದರೊಳಗೆ ಸ್ವಲ್ಪ ಪಾದರಸದ ಆವಿ ಇರುತ್ತದೆ. ಕರೆಂಟ್ ಹರಿದಾಗ ಆ ಆವಿಯಿಂದ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೊರಡುತ್ತದೆ. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಆ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಬದಲಿಸುತ್ತದೆ. ಸಿಎಫ್‌ಎಲ್ ಎಂದರೆ ಅದೇ ಟ್ಯೂಬನ್ನು ಮಡಚಿ ಬಲ್ಬಿನ ಹೋಲ್ಡರಿಗೆ ಕೂರುವಂತೆ ಮಾಡಿದ್ದು. ಎರಡರಲ್ಲೂ ಪಾದರಸ ಇರುವುದರಿಂದ ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಬೇಕು, ಚೂರುಗಳನ್ನು ಬರಿಗೈಯಲ್ಲಿ ಮುಟ್ಟಬಾರದು.

ಎಲ್‌ಇಡಿಯಲ್ಲಿ ತಂತಿಯೂ ಇಲ್ಲ, ಆವಿಯೂ ಇಲ್ಲ. ಸಣ್ಣ ಅರೆವಾಹಕ ಚಿಪ್ಪುಗಳು ನೀಲಿ ಬೆಳಕು ಕೊಡುತ್ತವೆ. ಅವುಗಳ ಮೇಲಿನ ಹಳದಿ ಲೇಪ ಆ ನೀಲಿಯ ಒಂದು ಭಾಗವನ್ನು ಹಳದಿಯಾಗಿಸುತ್ತದೆ. ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಕೆಂಪು, ಹಸಿರು ಎಲ್‌ಇಡಿಗಳು ಮೊದಲೇ ಇದ್ದವು. ಚೆನ್ನಾಗಿ ಬೆಳಗುವ ನೀಲಿ ಎಲ್‌ಇಡಿ ಮಾಡುವುದೇ ಕಷ್ಟವಾಗಿತ್ತು. ಅದನ್ನು ಮಾಡಿದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಅಂಗಡಿಯಲ್ಲಿ ನಾವು ಮಾಡುವ ತಪ್ಪು ಏನೆಂದರೆ, ವ್ಯಾಟ್ ನೋಡಿ ಬೆಳಕನ್ನು ಅಳೆಯುತ್ತೇವೆ. ವ್ಯಾಟ್ ಎನ್ನುವುದು ಬಲ್ಬ್ ಎಷ್ಟು ಎಳೆಯುತ್ತದೆ ಎಂಬ ಲೆಕ್ಕ, ಎಷ್ಟು ಕೊಡುತ್ತದೆ ಎಂಬ ಲೆಕ್ಕವಲ್ಲ. ಕೊಡುವ ಬೆಳಕಿನ ಅಳತೆಗೆ ಲುಮೆನ್ ಎನ್ನುತ್ತಾರೆ, ಅದನ್ನು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಿದರೆ ವ್ಯಾಟ್ ಖರ್ಚಿನ ಬದಿ, ಲುಮೆನ್ ಜಮೆಯ ಬದಿ. ಜಮೆಯನ್ನು ಖರ್ಚಿನಿಂದ ಭಾಗಿಸಿದರೆ ದಕ್ಷತೆ ಸಿಗುತ್ತದೆ.

100 ವ್ಯಾಟ್‌ನ ಹಳೇ ಬಲ್ಬ್ ಸುಮಾರು 1300 ಲುಮೆನ್ ಕೊಡುತ್ತದೆ, ಅಂದರೆ ಒಂದು ವ್ಯಾಟ್‌ಗೆ 13. ಹದಿನೈದು ವ್ಯಾಟ್‌ನ ಸಿಎಫ್‌ಎಲ್ ಸುಮಾರು 800 ಕೊಡುತ್ತದೆ, ವ್ಯಾಟ್‌ಗೆ 50ರ ಮೇಲೆ. ಉದ್ದನೆಯ ಟ್ಯೂಬ್‌ಲೈಟ್ 36 ವ್ಯಾಟ್‌ಗೆ 2500ರಷ್ಟು ಕೊಡುತ್ತದೆ ಎಂದು ನೋಡಿ ನನಗೆ ಖುಷಿಯಾಗಿತ್ತು. ಆಮೇಲೆ ಚೋಕ್ ನೆನಪಿಗೆ ಬಂತು. ತಾಮ್ರದ ಸುರುಳಿಯ ಹಳೇ ಚೋಕ್ ತಾನೇ 10ರಿಂದ 12 ವ್ಯಾಟ್ ಎಳೆಯುತ್ತದೆ. ಅದನ್ನು ಸೇರಿಸಿದರೆ ಟ್ಯೂಬ್‌ಲೈಟ್ ಕೂಡ ಸಿಎಫ್‌ಎಲ್ ಹತ್ತಿರವೇ ಬಂದು ನಿಲ್ಲುತ್ತದೆ. ಎಲ್‌ಇಡಿ ಮಾತ್ರ ವ್ಯಾಟ್‌ಗೆ ಸುಮಾರು 100. ಅಂದರೆ ಅಮ್ಮಿಯ ಬಲ್ಬಿನಷ್ಟೇ ಬೆಳಕಿಗೆ 12 ವ್ಯಾಟ್‌ನ ಎಲ್‌ಇಡಿ ಸಾಕು.

ಇನ್ನು ಬೆಲೆ. ಎಲ್‌ಇಡಿ ದುಬಾರಿ ಎಂಬುದು ಅಬ್ಬಾ ಅವರ ಹಳೆಯ ಅಭಿಪ್ರಾಯ, ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. ಕೇಂದ್ರ ಸರ್ಕಾರದ ಉಜಾಲಾ ಯೋಜನೆ 2015ರ ಜನವರಿ 5ರಂದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ "ಹೊಸ ಬೆಳಕು" ಎಂದು ಹೆಸರಿಟ್ಟರು. ಸರ್ಕಾರಿ ಸಂಸ್ಥೆ ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಟೆಂಡರ್ ಕರೆದು ಕೊಂಡಿತು. 2014ರಲ್ಲಿ ಒಂದು ಬಲ್ಬಿಗೆ 310 ರೂಪಾಯಿ ಇದ್ದ ಖರೀದಿ ಬೆಲೆ ಮೂರೇ ವರ್ಷದೊಳಗೆ 40 ರೂಪಾಯಿಗಿಂತ ಕೆಳಗೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಹೆಚ್ಚು ಬಲ್ಬ್ ಹಂಚಿದರು. ದೊಡ್ಡ ಪ್ರಮಾಣದ ಉತ್ಪಾದನೆಯಿಂದ ತಲಾ ವೆಚ್ಚ ಇಳಿಯುತ್ತದೆ ಎಂದು ಅರ್ಥಶಾಸ್ತ್ರದಲ್ಲಿ ಓದಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಸ್ಥಿರ ವೆಚ್ಚ, ಚರ ವೆಚ್ಚ. ಬಲ್ಬಿನ ಬೆಲೆ ಒಂದೇ ಸಲದ ಖರ್ಚು. ಕರೆಂಟ್ ಮಾತ್ರ ಉರಿಸಿದಷ್ಟೂ ಏರುತ್ತದೆ. ಲೆಕ್ಕ ಸುಲಭವಾಗಲಿ ಎಂದು ಯೂನಿಟ್‌ಗೆ 6 ರೂಪಾಯಿ ಇಟ್ಟುಕೊಂಡೆ. 100 ವ್ಯಾಟ್ ತೆಗೆದು 12 ವ್ಯಾಟ್ ಹಾಕಿದರೆ ಉಳಿಯುವುದು 88 ವ್ಯಾಟ್. ದಿನಕ್ಕೆ 5 ಗಂಟೆಯಂತೆ ತಿಂಗಳಿಗೆ 13.2 ಯೂನಿಟ್, ಅಂದರೆ 79 ರೂಪಾಯಿ. ಅಂಗಡಿಯಲ್ಲಿ 12 ವ್ಯಾಟ್ ಎಲ್‌ಇಡಿಗೆ 130 ಹೇಳಿದರು. ಎರಡು ತಿಂಗಳೊಳಗೆ ಹಾಕಿದ ಹಣ ವಾಪಸ್!

ಇದೇ ಉತ್ಸಾಹದಲ್ಲಿ ಬಚ್ಚಲುಮನೆಯ 40 ವ್ಯಾಟ್ ಬಲ್ಬನ್ನೂ ಬದಲಿಸಲು ಹೊರಟಿದ್ದೆ. ಅದು ಉರಿಯುವುದು ದಿನಕ್ಕೆ 20 ನಿಮಿಷ. ಅಲ್ಲಿ 5 ವ್ಯಾಟ್‌ನದು ಹಾಕಿದರೆ ತಿಂಗಳಿಗೆ ಉಳಿಯುವುದು 2 ರೂಪಾಯಿ 10 ಪೈಸೆ. 70 ರೂಪಾಯಿಯ ಬಲ್ಬ್ ತನ್ನ ಹಣ ಹಿಂದಿರುಗಿಸಲು 33 ತಿಂಗಳು ಬೇಕು. ಹಾಗಾಗಿ ಆ ಹಳೇ ಬಲ್ಬ್ ತಾನಾಗಿ ಸುಟ್ಟುಹೋಗುವವರೆಗೆ ಅಲ್ಲೇ ಇರಲಿ ಎಂದು ಬಿಟ್ಟೆ. ಸ್ನೇಹಿತರೇ, ನೀವು ಮನೆಯಲ್ಲಿ ಬಲ್ಬ್ ಬದಲಿಸುವುದಾದರೆ ಯಾವುದು ಹಳೆಯದು ಎಂದು ನೋಡಬೇಡಿ, ಯಾವುದು ಹೆಚ್ಚು ಹೊತ್ತು ಉರಿಯುತ್ತದೆ ಎಂದು ನೋಡಿ.

ಹಾಗೆ ನೋಡಿದಾಗ ಸಿಕ್ಕಿದ್ದು ದಾದಿಮಾ ಅವರ ಕೋಣೆಯ "ಜೀರೋ ಬಲ್ಬ್". ಹೆಸರು ಜೀರೋ ಆದ್ದರಿಂದ ಅದು ಕರೆಂಟೇ ಎಳೆಯುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ವಾಸ್ತವವಾಗಿ ತಂತಿ ಇರುವ ಹಳೇ ಜೀರೋ ಬಲ್ಬ್ 12ರಿಂದ 15 ವ್ಯಾಟ್ ಎಳೆಯುತ್ತದೆ. ಹಳೆಯ ಚಕ್ರದ ಮೀಟರ್‌ಗಳಲ್ಲಿ ಅಷ್ಟು ಸಣ್ಣ ಬಳಕೆ ಸರಿಯಾಗಿ ದಾಖಲಾಗುತ್ತಿರಲಿಲ್ಲ, ಆದ್ದರಿಂದ ಆ ಹೆಸರು. ಈಗಿನ ಡಿಜಿಟಲ್ ಮೀಟರ್ ಏನನ್ನೂ ಬಿಡುವುದಿಲ್ಲ. 15 ವ್ಯಾಟ್, ರಾತ್ರಿ 8 ಗಂಟೆ, 30 ದಿನ: 3.6 ಯೂನಿಟ್. ಅರ್ಧ ವ್ಯಾಟ್‌ನ ಎಲ್‌ಇಡಿ ಹಾಕಿದೆವು, ಈಗ ತಿಂಗಳಿಗೆ 0.12 ಯೂನಿಟ್. ದಾದಿಮಾ ಮಾತ್ರ, "ಜೀರೋ ತೆಗೆದು ಇನ್ನೂ ಉಳಿಸಿದೆ ಅಂತೀಯಲ್ಲ, ಜೀರೋಕ್ಕಿಂತ ಕಡಿಮೆ ಏನಿದೆ?" ಎಂದು ಇವತ್ತಿಗೂ ಕೇಳುತ್ತಾರೆ.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಲೇಖನವನ್ನು ಇಲ್ಲಿಗೇ ಮುಗಿಸಿದರೆ ನನಗೆ ಒಳ್ಳೆಯ ಹೆಸರು ಬರುತ್ತಿತ್ತು. ಆದರೆ ಮುಂದೆ ಆದದ್ದನ್ನೂ ಬರೆಯಬೇಕು.

12 ವ್ಯಾಟ್‌ನ ಎಲ್‌ಇಡಿ ತಂದು ಹಾಕಿದ್ದು ನಾನೇ. ಬಿಳಿ ಬೆಳಕಿನದು, ಡಬ್ಬಿಯ ಮೇಲೆ 6500 ಕೆಲ್ವಿನ್ ಎಂದಿತ್ತು. ಇಳಿಬಿಟ್ಟ ವೈರ್ ನೋಡಲು ಚೆನ್ನಾಗಿಲ್ಲ ಎಂದು ಅದನ್ನೂ ತೆಗೆದು ಬಲ್ಬನ್ನು ಛಾವಣಿಯ ಹೋಲ್ಡರಿಗೆ ಹಾಕಿದೆ. ಕೋಣೆ ತುಂಬಾ ಬೆಳಕಾಯಿತು. ಅಮ್ಮಿ ಒಂದೆರಡು ಸಲ ಕಣ್ಣು ಕಿರಿದು ಮಾಡಿ ನೋಡಿದರು, ಏನೂ ಹೇಳಲಿಲ್ಲ. ಆ ವಾರ ಒಂದು ಮದುವೆ ಮನೆಯ ಬಟ್ಟೆಗಳು ಬಂದಿದ್ದವು. ಅದರಲ್ಲಿ ಕಡು ಮೆರೂನ್ ಬಣ್ಣದ ಎರಡು ಕುರ್ತಾಗಳನ್ನು ಅಮ್ಮಿ ಎರಡು ರಾತ್ರಿ ಕುಳಿತು ಮುಗಿಸಿದರು. ಬೆಳಿಗ್ಗೆ ಬಾಗಿಲ ಹತ್ತಿರ ಹಿಡಿದು ನೋಡಿದರೆ ಮೆರೂನ್ ಬಟ್ಟೆಯ ಮೇಲೆ ಕಂದು ದಾರ ಓಡಿತ್ತು. ಕುತ್ತಿಗೆ, ತೋಳು, ಅಂಚು, ಎಲ್ಲ ಕಡೆ. ರಾತ್ರಿಯ ಬೆಳಕಿನಲ್ಲಿ ಎರಡು ರೀಲೂ ಒಂದೇ ಥರ ಕಂಡಿದ್ದವು. ಅಷ್ಟೂ ಹೊಲಿಗೆ ಬಿಚ್ಚಬೇಕಾಯಿತು. ಬಿಚ್ಚಲು ನಾನೂ ಕುಳಿತೆ. ಅಮ್ಮಿ ಬೈಯಲಿಲ್ಲ. ಸಂಜೆ ಕುರ್ಚಿ ಹತ್ತಿ ತಮ್ಮ 100 ವ್ಯಾಟ್ ಬಲ್ಬನ್ನು ಮತ್ತೆ ಹಾಕಿಕೊಂಡರು. ಬೈದಿದ್ದರೇ ವಾಸಿಯಾಗಿತ್ತು.

ಮರುದಿನ ನಮ್ಮ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರನ್ನು ಕೇಳಿದೆ. ಕಾಮರ್ಸ್‌ನವಳು ಸ್ಟಾಫ್ ರೂಮಿಗೆ ಬಲ್ಬಿನ ಡಬ್ಬಿ ಹಿಡಿದು ಬಂದದ್ದು ಅವರಿಗೆ ತಮಾಷೆಯಾಗಿ ಕಂಡಿರಬೇಕು, ಆದರೆ ಕೂರಿಸಿ ವಿವರಿಸಿದರು. ನಾನು ಡಬ್ಬಿಯ ಮೇಲೆ ಲುಮೆನ್ ಮಾತ್ರ ಓದಿದ್ದೆ. ಅದರ ಕೆಳಗೆ ಸಿಆರ್‌ಐ 80 ಎಂದು ಇನ್ನೊಂದು ಸಂಖ್ಯೆ ಇತ್ತು. ಒಂದು ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. ಹಗಲಿನ ಬೆಳಕಿಗೆ 100. ಕಾದ ತಂತಿಯಿಂದ ಎಲ್ಲ ಬಣ್ಣಗಳೂ ಬಿಡುವಿಲ್ಲದೆ ಹೊರಡುವುದರಿಂದ ಹಳೇ ಬಲ್ಬಿಗೂ ಹೆಚ್ಚೂ ಕಡಿಮೆ 100. ಸಾಮಾನ್ಯ ಎಲ್‌ಇಡಿಗೆ 80ರ ಆಸುಪಾಸು. ನೀಲಿ ಚಿಪ್ ಮತ್ತು ಹಳದಿ ಲೇಪದಿಂದ ಬಂದ ಬಿಳಿಯಲ್ಲಿ ಕಡುಗೆಂಪು ಬಹಳ ಕಡಿಮೆ. ಬೆಳಕಿನಲ್ಲಿ ಕೆಂಪೇ ಇಲ್ಲದಿದ್ದರೆ ಮೆರೂನ್ ಬಟ್ಟೆ ಯಾವ ಕೆಂಪನ್ನು ಕಣ್ಣಿಗೆ ಕಳಿಸಬೇಕು? ಅದು ಕಂದಾಗಿ ಕಾಣುತ್ತದೆ. ಹಳೇ ಬಲ್ಬೂ ಪೂರ್ತಿ ಸಾಚಾ ಅಲ್ಲ ಎಂದು ಸರ್ ಹೇಳಿದರು. ಅದರಲ್ಲಿ ನೀಲಿ ಕಡಿಮೆ, ಆದ್ದರಿಂದ ಕಪ್ಪು ಮತ್ತು ಕಡು ನೀಲಿ ಅದರಡಿ ಒಂದೇ ಥರ ಕಾಣುತ್ತವೆ. ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮಿ, "ಅದು ನನಗೆ ಗೊತ್ತು. ಬುರ್ಖಾದ ದಾರ ನಾನು ಯಾವತ್ತೂ ರಾತ್ರಿ ಆರಿಸಲ್ಲ" ಎಂದರು. ಇಪ್ಪತ್ತು ವರ್ಷದ ಅನುಭವ ಆ ಒಂದು ಮಾತಿನಲ್ಲಿತ್ತು.

ನನ್ನ ಎರಡನೇ ತಪ್ಪು ಛಾವಣಿ. ಸಣ್ಣ ದೀಪದಿಂದ ದೂರ ಎರಡು ಪಟ್ಟಾದರೆ ಬೀಳುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟಾದರೆ ಹದಿನಾರನೇ ಒಂದು ಭಾಗ. ಅಮ್ಮಿಯ ಹಳೇ ಬಲ್ಬ್ ಸೂಜಿಯಿಂದ ಅರ್ಧ ಮೀಟರ್ ದೂರದಲ್ಲಿತ್ತು, ನಾನು ಹಾಕಿದ್ದು ಎರಡು ಮೀಟರ್ ಮೇಲೆ. ಕೋಣೆಗೆಲ್ಲ ಬೆಳಕು ಕೊಟ್ಟು ಸೂಜಿಯ ತುದಿಯನ್ನು ಕತ್ತಲಲ್ಲಿಟ್ಟಿದ್ದೆ. ಚೆನ್ನಾಗಿಲ್ಲ ಎಂದು ನಾನು ತೆಗೆದುಹಾಕಿದ್ದ ಇಳಿಬಿಟ್ಟ ವೈರೇ ಆ ಕೋಣೆಯ ಅತ್ಯಂತ ದಕ್ಷ ವ್ಯವಸ್ಥೆಯಾಗಿತ್ತು.

ಕೊನೆಗೆ ಕಂಡುಕೊಂಡ ದಾರಿ ಇದು. ಯಂತ್ರಕ್ಕೆ ಕಚ್ಚಿಸುವ ಒಂದು ಬಗ್ಗುವ ಲ್ಯಾಂಪ್, ಅದರಲ್ಲಿ 7 ವ್ಯಾಟ್‌ನ ಎಲ್‌ಇಡಿ, ಸಿಆರ್‌ಐ 90ರ ಮೇಲೆ. ಅಂಥ ಬಲ್ಬ್ ಇಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನ್‌ನಲ್ಲಿ 240 ರೂಪಾಯಿಗೆ ಬಂತು. ಲ್ಯಾಂಪಿಗೆ 300. ಒಟ್ಟು 540 ಎಂದಾಗ ಅಬ್ಬಾ ಹುಬ್ಬೇರಿಸಿದರು. ಲೆಕ್ಕ ತೋರಿಸಿದೆ: 7 ವ್ಯಾಟ್, 5 ಗಂಟೆ, 30 ದಿನಕ್ಕೆ ಒಂದೇ ಯೂನಿಟ್ ಚಿಲ್ಲರೆ. ತಿಂಗಳಿಗೆ ಸುಮಾರು 14 ಯೂನಿಟ್, ಅಂದರೆ 84 ರೂಪಾಯಿ ಉಳಿಕೆ. ಆರೂವರೆ ತಿಂಗಳಲ್ಲಿ ಹಣ ವಾಪಸ್. ಮೊದಲ ಲೆಕ್ಕದಲ್ಲಿ ಎರಡೇ ತಿಂಗಳಿತ್ತಲ್ಲ ಎಂದು ಅಬ್ಬಾ ಕೇಳಿದರು. ಆ ಲೆಕ್ಕದಲ್ಲಿ ಎರಡು ರಾತ್ರಿಯ ಕೂಲಿಯನ್ನು ನಾನು ಹಿಡಿದಿರಲಿಲ್ಲ ಎಂದೆ.

ಎಲ್‌ಇಡಿ ಬಗ್ಗೆ ಇನ್ನೊಂದು ವಿಷಯ. ಡಬ್ಬಿಯ ಮೇಲೆ 15,000 ಗಂಟೆ, 25,000 ಗಂಟೆ ಎಂದು ಬರೆದಿರುತ್ತದೆ. ಹಳೇ ಬಲ್ಬಿನ ಆಯಸ್ಸು ಸುಮಾರು 1000 ಗಂಟೆ. ಆದರೂ ಕೆಲವು ಎಲ್‌ಇಡಿ ವರ್ಷದೊಳಗೆ ಹೋಗುತ್ತವೆ. ಸಾಮಾನ್ಯವಾಗಿ ಹಾಳಾಗುವುದು ಚಿಪ್ ಅಲ್ಲ, ಅದರ ಬುಡದಲ್ಲಿರುವ ಡ್ರೈವರ್ ಸರ್ಕ್ಯೂಟ್. ಅದಕ್ಕೆ ಶಾಖವೆಂದರೆ ಆಗದು. ಗಾಳಿಯಾಡದ ಮುಚ್ಚಿದ ಗಾಜಿನ ಗೋಳದೊಳಗೆ ಎಲ್‌ಇಡಿ ಹಾಕಿದರೆ ಆಯಸ್ಸು ಕಡಿಮೆಯಾಗುತ್ತದೆ. ಬಿಲ್ ಇಟ್ಟುಕೊಳ್ಳಿ, ಗ್ಯಾರಂಟಿ ಅವಧಿಯೊಳಗೆ ಹೋದರೆ ಅಂಗಡಿಯವರು ಬದಲಿಸಿ ಕೊಡುತ್ತಾರೆ.

ಬಲ್ಬುಗಳಿಂದಲೇ ಬಿಲ್ ಇಳಿಯುತ್ತದೆ ಎಂದೂ ಹೇಳಲಾರೆ. 75 ವ್ಯಾಟ್‌ನ ಒಂದು ಸೀಲಿಂಗ್ ಫ್ಯಾನ್ ದಿನಕ್ಕೆ 15 ಗಂಟೆ ತಿರುಗಿದರೆ ತಿಂಗಳಿಗೆ 33 ಯೂನಿಟ್ ದಾಟುತ್ತದೆ. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಒಂದು ಗಂಟೆಯಲ್ಲಿ ಎಳೆಯುವುದು 9 ವ್ಯಾಟ್‌ನ ಎಲ್‌ಇಡಿಗೆ 111 ಗಂಟೆಗೆ ಸಾಕು. ಅದರ ಮುಂದಿನ ತಿಂಗಳು ನಮ್ಮ ಬಿಲ್ 71ಕ್ಕೆ ಇಳಿಯಿತು, 66ಕ್ಕೆ ಅಲ್ಲ. ಬಿಸಿಲು ಹೆಚ್ಚಿತ್ತು, ಫ್ಯಾನ್ ನಿಂತಿರಲಿಲ್ಲ. ಜುಲೈನಲ್ಲಿ 63 ಬಂತು. ಹಾಲ್‌ನ ಟ್ಯೂಬ್‌ಲೈಟನ್ನು ಇನ್ನೂ ಬದಲಿಸಿಲ್ಲ. ದಿನಕ್ಕೆ ಆರು ಗಂಟೆ ಉರಿದರೆ ಎಲ್‌ಇಡಿ ಟ್ಯೂಬಿನಿಂದ ತಿಂಗಳಿಗೆ ಸುಮಾರು ಐದು ಯೂನಿಟ್ ಉಳಿಯುತ್ತದೆ, ಅದು ನನ್ನ ಪಟ್ಟಿಯಲ್ಲಿ ಮುಂದಿನದು.

ಅಮ್ಮಿ ಈಗ ದಾರಗಳನ್ನೆಲ್ಲ ಮಗ್ರಿಬ್‌ಗೆ ಮುಂಚೆ ಬಾಗಿಲ ಹೊರಗೆ ನಿಂತು ಬಟ್ಟೆಯ ಮೇಲಿಟ್ಟು ಆರಿಸಿ, ಪಿನ್ನು ಚುಚ್ಚಿ ಇಡುತ್ತಾರೆ. ಹೊಸ ಲ್ಯಾಂಪ್ ಇಷ್ಟವಾಗಿದೆ, ಕೆನ್ನೆಗೆ ಬಿಸಿ ತಗಲುವುದಿಲ್ಲ ಎನ್ನುತ್ತಾರೆ. 100 ವ್ಯಾಟ್ ಬಲ್ಬನ್ನು ಮಾತ್ರ ಎಸೆಯಲು ಬಿಟ್ಟಿಲ್ಲ. ಒಂದು ಮೆರೂನ್ ತುಂಡು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟಿದ್ದಾರೆ.